ಯುದ್ಧ ಸೋತ ಮಾತ್ರಕ್ಕೆ ಗಾದಿ ಉರುಳುವುದಿಲ್ಲ: 1917–18ರ ಪ್ರಶ್ನೆಗೆ ಉತ್ತರ ಕಟ್ಟುವ ಬಗೆ

ಧಾರವಾಡದ ಸಪ್ತಾಪುರದ ಸುತ್ತಮುತ್ತ ಕೈಯಿಂದ ಕೈಗೆ ಓಡಾಡುವ ಕ್ಸೆರಾಕ್ಸ್ ನೋಟ್ಸ್‌ಗಳಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: ಯುದ್ಧದಲ್ಲಿ ಸೋಲು, ಆಹಾರದ ಅಭಾವ, ದುರ್ಬಲ ದೊರೆ, ಆದ್ದರಿಂದ ಕ್ರಾಂತಿ. ರಷ್ಯಾ ಎಂಬ ಹೆಸರು ಅಳಿಸಿ ಜರ್ಮನಿ ಎಂದು ಬರೆದರೂ ಆ ಸಾಲು ಹಾಗೇ ನಡೆಯುತ್ತದೆ. ಅದೇ ಅದರ ದೋಷ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಜಿಎಸ್-1 (ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆ) ಅನ್ನು ಕನ್ನಡದಲ್ಲಿ ಬರೆಯುವವರಿಗೆ, ಇತಿಹಾಸವನ್ನೇ ಐಚ್ಛಿಕ ವಿಷಯವಾಗಿ ತಗೊಂಡವರಿಗೆ, ಮೊದಲ ಮಹಾಯುದ್ಧದ ಕೊನೆಗೆ ಯುರೋಪಿನ ರಾಜಪ್ರಭುತ್ವಗಳು ಯಾಕೆ ಉರುಳಿದವು ಎಂಬ ಈ ಅಧ್ಯಾಯವನ್ನು ನಾಲ್ಕು ಹಾಳೆಯಲ್ಲಿ ಮುಗಿಸುವ ಕ್ರಮ ಇಲ್ಲಿದೆ.

ಮೊದಲೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಸೋಲು ಗಾದಿಯನ್ನು ಅಲುಗಾಡಿಸುತ್ತದೆ, ಅಷ್ಟೇ. ಅದು ಉರುಳಬೇಕಾದರೆ ಮೂರು ಸಂಗತಿ ಒಟ್ಟಿಗೆ ನಡೆಯಬೇಕು: ಬೀದಿಗಿಳಿಸಿದ ಸೈನಿಕ ಜನರ ಮೇಲೆ ಗುಂಡು ಹಾರಿಸಲು ಒಲ್ಲೆ ಎನ್ನಬೇಕು, ದಂಡನಾಯಕರು ದೊರೆಯ ಕೈ ಬಿಡಬೇಕು, ಅವನ ಜಾಗಕ್ಕೆ ಎಲ್ಲರೂ ಒಪ್ಪುವ ವಾರಸುದಾರ ಸಿಗಬಾರದು. ಮೂರರಲ್ಲಿ ಒಂದು ತಪ್ಪಿದರೂ ಸೋತ ದೊರೆಯ ಮನೆತನ ಉಳಿದುಕೊಂಡ ಉದಾಹರಣೆ ಬೇಕಾದಷ್ಟಿವೆ. ನಿಮ್ಮ ಉತ್ತರಕ್ಕೆ ತೂಕ ಬರುವುದು ಅಲ್ಲಿಂದಲೇ.

ಹಾಳೆ ಸಿದ್ಧ ಮಾಡಿಕೊಳ್ಳುವುದು

ಎ-4 ಹಾಳೆಯನ್ನು ಅಡ್ಡಕ್ಕೆ ಹಿಡಿದು ನಾಲ್ಕು ಕಂಬಸಾಲು ಗೀಚಿ: ರೊಟ್ಟಿ, ಬಂದೂಕು, ದಂಡನಾಯಕ, ವಾರಸುದಾರ. ಎಡಗಡೆ ಅಂಚಿನಲ್ಲಿ ದೇಶ ಮತ್ತು ವರ್ಷ. ಮೊದಲ ಸಾಲಿಗೆ ರಷ್ಯಾ 1917 ಬರೆಯುವುದು ಎಲ್ಲರ ರೂಢಿ, ಹಾಗೆ ಮಾಡಬೇಡಿ. ಮೊದಲ ಸಾಲಿಗೆ ರಷ್ಯಾ 1905, ಅದರ ಕೆಳಗೆ ರಷ್ಯಾ 1917. ಎರಡನೇ ಹಾಳೆ ಜರ್ಮನಿಗೆ. ಮೂರನೆಯದು ಆಸ್ಟ್ರಿಯಾ-ಹಂಗೆರಿ ಮತ್ತು ಆಟೋಮನ್ ಸಾಮ್ರಾಜ್ಯಕ್ಕೆ. ನಾಲ್ಕನೆಯದರಲ್ಲಿ ಗಾದಿ ಉಳಿಸಿಕೊಂಡವರು, ಬಲ್ಗೇರಿಯಾ ಮತ್ತು ರೊಮೇನಿಯಾ. ಒಂದು ಖಾನೆಗೆ ಎರಡು ಸಂಗತಿಗಿಂತ ಹೆಚ್ಚು ತುಂಬಬೇಡಿ. ತುಂಬಿದರೆ ಪರೀಕ್ಷೆಯ ಹಿಂದಿನ ರಾತ್ರಿ ಆ ಹಾಳೆಯನ್ನು ನೀವೇ ಓದಲಾರಿರಿ.

ತಾರೀಖಿನ ವಿಷಯದಲ್ಲಿ ಮೊದಲೇ ಎಚ್ಚರ ಇರಲಿ. 1918ರ ಆರಂಭದವರೆಗೆ ರಷ್ಯಾ ಹಳೇ ಜೂಲಿಯನ್ ಪಂಚಾಂಗದಲ್ಲಿತ್ತು, 20ನೇ ಶತಮಾನದಲ್ಲಿ ಅದು ನಮ್ಮದಕ್ಕಿಂತ 13 ದಿನ ಹಿಂದೆ. ಫೆಬ್ರವರಿ 23 ಎಂದರೆ ಮಾರ್ಚ್ 8, ಅಕ್ಟೋಬರ್ 25 ಎಂದರೆ ನವೆಂಬರ್ 7. ಫೆಬ್ರವರಿ ಕ್ರಾಂತಿ ಮಾರ್ಚ್‌ನಲ್ಲಿ ನಡೆದದ್ದು ಹೇಗೆ ಎಂದು ಗೊಂದಲ ಆಗುವುದು ಇದರಿಂದ. ಹಾಳೆಯಲ್ಲಿ ಹಳೇ ತಾರೀಖು ನೀಲಿ ಪೆನ್ನಿನಲ್ಲಿ, ಹೊಸದು ಕಪ್ಪಿನಲ್ಲಿ ಬರೆದಿಡಿ. ಉತ್ತರ ಪತ್ರಿಕೆಯಲ್ಲಿ ಹೊಸದನ್ನು ಮಾತ್ರ ಬಳಸಿ, ಮೊದಲ ಸಲ ಬಂದಾಗ ‘ಹೊಸ ಪಂಚಾಂಗದಂತೆ’ ಎಂದು ಸೇರಿಸಿದರೆ ಸಾಕು. ಈ ಬರಹದಲ್ಲಿಯೂ ಇನ್ನು ಮುಂದೆ ಎಲ್ಲವೂ ಹೊಸ ತಾರೀಖು.

1905 ಮತ್ತು 1917: ಒಬ್ಬನೇ ಝಾರ್, ಎರಡು ಫಲಿತಾಂಶ

ರಷ್ಯಾದ ಝಾರ್, ಅಂದರೆ ಚಕ್ರವರ್ತಿ, ಎರಡನೇ ನಿಕೊಲಸ್ ಎರಡು ಸಲ ಯುದ್ಧದ ಸೋಲು ಕಂಡವನು. 1905ರ ಮೇ ಕೊನೆಯಲ್ಲಿ ತ್ಸುಶಿಮಾದಲ್ಲಿ ಜಪಾನ್ ಅವನ ನೌಕಾಪಡೆಯನ್ನು ಮುಳುಗಿಸಿತು. ಅದಕ್ಕೂ ಮೊದಲು, ಮನವಿ ಹಿಡಿದು ಬಂದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದ ಜನವರಿ 22ರ ‘ರಕ್ತಸಿಕ್ತ ಭಾನುವಾರ’ ಆಗಿತ್ತು, ಜೂನ್‌ನಲ್ಲಿ ಪೊಟೆಮ್ಕಿನ್ ಹಡಗಿನಲ್ಲಿ ದಂಗೆ, ಅಕ್ಟೋಬರ್‌ನಲ್ಲಿ ದೇಶವ್ಯಾಪಿ ಮುಷ್ಕರ. ಕ್ರಾಂತಿಗೆ ಬೇಕಾದ ಎಲ್ಲ ಸಾಮಗ್ರಿಯೂ ಇತ್ತು. ಆದರೂ ಗಾದಿ ಉಳಿಯಿತು. ಯಾಕೆ?

ಒಂದು, ಸೆಪ್ಟೆಂಬರ್ 5ರ ಪೋರ್ಟ್ಸ್‌ಮತ್ ಒಪ್ಪಂದದಿಂದ ಯುದ್ಧವೇ ಮುಗಿಯಿತು. ಎರಡು, ಅಕ್ಟೋಬರ್ 30ರ ಘೋಷಣೆಯಲ್ಲಿ ಡೂಮಾ, ಅಂದರೆ ಚುನಾಯಿತ ಸಭೆ, ಕೊಡುವುದಾಗಿ ಹೇಳಿ ಉದಾರವಾದಿಗಳನ್ನು ಕಾರ್ಮಿಕರಿಂದ ಬೇರ್ಪಡಿಸಲಾಯಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಡಿಸೆಂಬರ್‌ನಲ್ಲಿ ಮಾಸ್ಕೋ ಬಂಡಾಯ ಅಡಗಿಸಲು ಹೋದ ಸೆಮ್ಯೊನೋವ್‌ಸ್ಕಿ ರೆಜಿಮೆಂಟ್ ಹೇಳಿದ ಹಾಗೆ ಕೇಳಿತು. ದಂಗೆಗಳು ಬಿಡಿಬಿಡಿಯಾಗಿದ್ದವು, ಸೈನ್ಯದ ಬೆನ್ನೆಲುಬು ಮುರಿದಿರಲಿಲ್ಲ.

1917ಕ್ಕೆ ಬನ್ನಿ. ರೊಟ್ಟಿಯ ಖಾನೆಯಲ್ಲಿ ‘ರಷ್ಯಾದಲ್ಲಿ ಧಾನ್ಯ ಇರಲಿಲ್ಲ’ ಎಂದು ಬರೆಯುವವರು ಬಹಳ. ಧಾನ್ಯ ಇತ್ತು, ರಾಜಧಾನಿ ಪೆಟ್ರೊಗ್ರಾಡ್‌ಗೆ ಬಂದು ಮುಟ್ಟುತ್ತಿರಲಿಲ್ಲ. ಗದಗ, ಹಾವೇರಿ ಮಾರುಕಟ್ಟೆಯ ಗೋದಾಮುಗಳಲ್ಲಿ ಜೋಳ ತುಂಬಿದೆ, ಆದರೆ ಹುಬ್ಬಳ್ಳಿ ಜಂಕ್ಷನ್ನಿನ ಎಂಜಿನ್ನುಗಳೆಲ್ಲ ದಂಡಿನ ಸಾಮಾನು ಹೊತ್ತು ಗಡಿಗೆ ಹೋಗಿವೆ, ಇದ್ದವು ರಿಪೇರಿಗೆ ನಿಂತಿವೆ ಎಂದುಕೊಳ್ಳಿ. ಹಳೇ ಹುಬ್ಬಳ್ಳಿಯ ಅಂಗಡಿ ಮುಂದೆ ಪಾಳಿ ಹಚ್ಚಿದವರಿಗೆ ಗದಗಿನ ಜೋಳದಿಂದ ಏನೂ ಉಪಯೋಗವಿಲ್ಲ. ಅದರ ಮೇಲೆ ನೋಟು ಅಚ್ಚು ಹಾಕಿ ಹಾಕಿ ಅದರ ಬೆಲೆ ಕುಸಿದಿತ್ತು, ಕಾರ್ಖಾನೆಗಳು ಮದ್ದುಗುಂಡು ಮಾಡುತ್ತಿದ್ದರಿಂದ ರೈತನಿಗೆ ಕೊಳ್ಳಲು ಬಟ್ಟೆ, ಮೊಳೆ, ನೇಗಿಲು ಇರಲಿಲ್ಲ. ಮಾರಿ ಏನು ಮಾಡಬೇಕೆಂದು ಅವನು ಧಾನ್ಯ ಹಿಡಿದಿಟ್ಟ. ಆ ಚಳಿಗಾಲ ಭೀಕರವಾಗಿತ್ತು, ಹಿಮ ಬಿದ್ದು ಹಳಿ ಕಟ್ಟಿತು. ಖಾನೆಯಲ್ಲಿ ‘ಸಾಗಣೆ’ ಮತ್ತು ‘ಹಣದುಬ್ಬರ’ ಎಂಬ ಎರಡೇ ಪದ ಸಾಕು.

ಬಂದೂಕಿನ ಖಾನೆಗೆ ಐದು ದಿನದ ಲೆಕ್ಕ ಬೇಕು. ಮಾರ್ಚ್ 7ರಂದು ಪುಟಿಲೋವ್ ಕಾರ್ಖಾನೆಗೆ ಬೀಗ ಬಿತ್ತು, ಅದೇ ದಿನ ಝಾರ್ ರಾಜಧಾನಿ ಬಿಟ್ಟು ಮೊಗಿಲೆವ್‌ನ ಸೇನಾ ಕೇಂದ್ರಕ್ಕೆ ಹೊರಟ. 8ರಂದು, ಅಂತರರಾಷ್ಟ್ರೀಯ ಮಹಿಳಾ ದಿನ, ವೈಬೋರ್ಗ್ ಭಾಗದ ಬಟ್ಟೆ ಗಿರಣಿಯ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗೆ ಬಂದರು. 10ಕ್ಕೆ ಸಾರ್ವತ್ರಿಕ ಮುಷ್ಕರ. ನಾಳೆಯೊಳಗೆ ಗಲಾಟೆ ನಿಲ್ಲಿಸಿ ಎಂದು ಝಾರ್ ರಾಜಧಾನಿಯ ಸೇನಾಧಿಕಾರಿ ಜನರಲ್ ಖಬಾಲೋವ್‌ಗೆ ತಂತಿ ಕಳಿಸಿದ. 11ರ ಭಾನುವಾರ ಸೈನಿಕರು ಗುಂಡು ಹಾರಿಸಿದರು. ಆವತ್ತು ಜ್ನಾಮೆನ್‌ಸ್ಕಾಯಾ ಚೌಕದಲ್ಲಿ ಗುಂಡು ಹಾರಿಸಿದ್ದು ವೊಲಿನ್‌ಸ್ಕಿ ರೆಜಿಮೆಂಟಿನ ತರಬೇತಿ ತುಕಡಿ. ಮರುದಿನ ಬೆಳಗ್ಗೆ ಮೊದಲು ತಿರುಗಿಬಿದ್ದದ್ದೂ ಅದೇ. ಈ ಎರಡು ವಾಕ್ಯವನ್ನು ಉತ್ತರದಲ್ಲಿ ಬಳಸಿಕೊಳ್ಳಿ, ಒಂದು ಪುಟದ ವಿವರಣೆಯ ಕೆಲಸ ಇವೇ ಮಾಡುತ್ತವೆ. 12ರ ಸಂಜೆ ಹೊತ್ತಿಗೆ ಕಾವಲುಪಡೆಯ ಬಹುಪಾಲು ಝಾರನ ಕೈಯಲ್ಲಿರಲಿಲ್ಲ.

1905ರ ಸೈನಿಕನಿಗೂ 1917ರವನಿಗೂ ಏನು ವ್ಯತ್ಯಾಸ? ಹಳೇ ಪಳಗಿದ ಗಾರ್ಡ್ಸ್ ಪಡೆ 1914–16ರ ಕದನಗಳಲ್ಲಿ ಸತ್ತುಹೋಗಿತ್ತು. ಅದರ ಹೆಸರು ಹೊತ್ತು ಪೆಟ್ರೊಗ್ರಾಡ್ ಬ್ಯಾರಕ್ಕುಗಳಲ್ಲಿ ಕಿಕ್ಕಿರಿದಿದ್ದವರು ಹೊಸದಾಗಿ ಹಿಡಿದು ತಂದ ರೈತರ ಮಕ್ಕಳು, ನಡುವಯಸ್ಸಿನ ಸಂಸಾರಸ್ಥರು, ಗಾಯ ಮಾಯಿಸಿಕೊಂಡು ಮತ್ತೆ ಗಡಿಗೆ ಹೋಗಲು ಹೆದರಿದ್ದವರು. ಅವರ ಅಕ್ಕತಂಗಿಯರೇ ರೊಟ್ಟಿಯ ಪಾಳಿಯಲ್ಲಿ ನಿಂತಿದ್ದರು. ಸೋಲು ಮತ್ತು ಕ್ರಾಂತಿಯ ನಡುವಿನ ಕೊಂಡಿ ಸರಿಯಾಗಿ ಇಲ್ಲಿದೆ. ಗಡಿಯ ಸೋಲು ಜನರನ್ನು ರೊಚ್ಚಿಗೆಬ್ಬಿಸಿತು ಎನ್ನುವುದಕ್ಕಿಂತ, ಗಾದಿಯನ್ನು ಕಾಯಬೇಕಾದ ಪಡೆಯನ್ನೇ ಅದು ಬದಲಿಸಿಬಿಟ್ಟಿತ್ತು ಎನ್ನುವುದು ಹೆಚ್ಚು ನಿಖರ.

ಪ್ಸ್ಕೋವ್‌ನ ಆ ಒಂದು ದಿನ

ದಂಡನಾಯಕ ಮತ್ತು ವಾರಸುದಾರ ಎಂಬ ಎರಡೂ ಖಾನೆ ಒಂದೇ ರೈಲು ಡಬ್ಬಿಯಲ್ಲಿ ತುಂಬುತ್ತವೆ, ಆದ್ದರಿಂದ ಅಟ್ಲಾಸ್ ತೆಗೆದು ಈ ಊರುಗಳನ್ನು ಗುರುತು ಹಾಕಿ: ಮೊಗಿಲೆವ್, ಪೆಟ್ರೊಗ್ರಾಡ್, ಪ್ಸ್ಕೋವ್. ಮೊಗಿಲೆವ್‌ನಿಂದ ರಾಜಧಾನಿಗೆ ಹೊರಟ ಝಾರನ ರೈಲು ಮಾಲಾಯಾ ವಿಶೇರಾದ ಹತ್ತಿರ ತಡೆದು ನಿಂತಿತು, ಮುಂದಿನ ನಿಲ್ದಾಣಗಳು ದಂಗೆಕೋರರ ಕೈಸೇರಿದ ಸುದ್ದಿ ಬಂದಿತ್ತು. ಹಿಂದಕ್ಕೆ ತಿರುಗಿ, ಸುತ್ತು ಹಾಕಿ, ಮಾರ್ಚ್ 14ರ ಸಂಜೆ ಉತ್ತರ ಯುದ್ಧರಂಗದ ಕೇಂದ್ರವಾದ ಪ್ಸ್ಕೋವ್ ತಲುಪಿತು. ಅಲ್ಲಿ ಆ ರಂಗದ ದಂಡನಾಯಕ ಜನರಲ್ ರುಜ್‌ಸ್ಕಿ ಇದ್ದ.

15ರಂದು ಸೇನಾ ಮುಖ್ಯಸ್ಥ ಅಲೆಕ್ಸೆಯೆವ್ ಎಲ್ಲ ರಂಗಗಳ ದಂಡನಾಯಕರಿಗೆ ತಂತಿ ಕಳಿಸಿ ಅಭಿಪ್ರಾಯ ಕೇಳಿದ. ಬ್ರುಸಿಲೋವ್, ಎವರ್ಟ್, ಕಾಕಸಸ್‌ನಲ್ಲಿದ್ದ ಝಾರನ ಚಿಕ್ಕಪ್ಪನ ಸಾಲಿನವನೇ ಆದ ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್, ಎಲ್ಲರದ್ದೂ ಒಂದೇ ಉತ್ತರ: ಗಾದಿ ಬಿಡುವುದು ಒಳ್ಳೆಯದು. ಯುದ್ಧ ಮುಂದುವರಿಸಲು ಅದೊಂದೇ ದಾರಿ ಎಂದು ಅವರು ನಂಬಿದ್ದರು. ಇದನ್ನು ಒತ್ತಿ ಬರೆಯಿರಿ. ದಂಡನಾಯಕರಿಗೆ ಬೇಕಿದ್ದದ್ದು ಗೆಲುವು, ಗಣರಾಜ್ಯ ಅಲ್ಲ.

ಮಧ್ಯಾಹ್ನ ನಿಕೊಲಸ್ ಮಗ ಅಲೆಕ್ಸೆಯ ಹೆಸರಿಗೆ ಗಾದಿ ಬಿಡಲು ಒಪ್ಪಿದ. ಹುಡುಗನಿಗೆ ಹಿಮೊಫಿಲಿಯಾ, ಗಾಯವಾದರೆ ರಕ್ತ ನಿಲ್ಲದ ಕಾಯಿಲೆ. ವೈದ್ಯನ ಜೊತೆ ಮಾತಾಡಿದ ಮೇಲೆ ಮನಸ್ಸು ಬದಲಿಸಿ ತಮ್ಮ ಮಿಖಾಯಿಲ್‌ನ ಹೆಸರು ಬರೆಸಿದ. ಡೂಮಾ ಕಡೆಯಿಂದ ಬಂದ ಗುಚ್ಕೋವ್, ಶುಲ್ಗಿನ್ ಆ ಕಾಗದ ತಗೊಂಡು ಹೋದರು. ಮರುದಿನ, ಮಾರ್ಚ್ 16ರಂದು, ಸಂವಿಧಾನ ಸಭೆ ಕೇಳಿಕೊಂಡರೆ ಮಾತ್ರ ಒಪ್ಪುವೆ ಎಂದು ಮಿಖಾಯಿಲ್ ಪಟ್ಟವನ್ನು ಒಲ್ಲೆ ಎಂದ. 1613ರಿಂದ ಆಳಿದ್ದ ರೊಮಾನೊವ್ ಮನೆತನ ಅಲ್ಲಿಗೆ ಮುಗಿಯಿತು. ಗಣರಾಜ್ಯ ಎಂದು ವಿಧಿವತ್ತಾಗಿ ಸಾರಿದ್ದು ಸೆಪ್ಟೆಂಬರ್ 14ರಂದು, ಆರು ತಿಂಗಳ ನಂತರ. ಈ ಅಂತರವನ್ನು ಗಮನಿಸುವವರು ಕಡಿಮೆ.

ವಾರಸುದಾರನ ಪ್ರಶ್ನೆ ಬಂದ ಕೂಡಲೇ ನಮ್ಮ ಕಡೆಯವರಿಗೆ ಕಿತ್ತೂರು, ನರಗುಂದ ನೆನಪಾಗುವುದು ಸಹಜ. ದತ್ತಕಕ್ಕೆ ಕಂಪನಿ ಒಪ್ಪದ್ದು, 1824, 1858. ನೆನಪಿಡಲು ಅದು ಒಳ್ಳೆಯ ಗೂಟ, ಉತ್ತರದೊಳಗೆ ತರಬೇಡಿ. ಅಲ್ಲಿ ಗಾದಿ ಕಿತ್ತುಕೊಂಡದ್ದು ಹೊರಗಿನ ಸರ್ಕಾರ. ಪ್ರಶ್ನೆ ಕೇಳುತ್ತಿರುವುದು ಒಳಗಿನ ಕುಸಿತವನ್ನು.

ಜರ್ಮನಿ: ತಾರೀಖು ಹಿಂದುಮುಂದಾದರೆ ಸುಳ್ಳು ಹೇಳಿದಂತೆ

ಜರ್ಮನಿಯ ಹಾಳೆಯಲ್ಲಿ ಕಂಬಸಾಲಿಗಿಂತ ಮೊದಲು 1918ರ ಆರು ವಾರದ ತಾರೀಖು ಬರೆಯಿರಿ. ಸೆಪ್ಟೆಂಬರ್ 29: ಸೈನ್ಯದ ಮುಖ್ಯಸ್ಥರಾದ ಹಿಂಡೆನ್‌ಬರ್ಗ್ ಮತ್ತು ಲುಡೆನ್‌ಡಾರ್ಫ್ ತಾವೇ ಕೈಸರ್‌ಗೆ (ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್) ಕದನವಿರಾಮ ಬೇಕೆಂದು ಹೇಳಿದರು. ಅಕ್ಟೋಬರ್ 3: ಬಾಡೆನ್‌ನ ರಾಜಕುಮಾರ ಮ್ಯಾಕ್ಸ್ ಚಾನ್ಸಲರ್ ಆದ. 29–30: ಕೊನೆಯ ಕದನಕ್ಕೆ ಹೊರಡಲು ಆಜ್ಞೆಯಾದ ನೌಕಾಪಡೆಯ ನಾವಿಕರು ವಿಲ್ಹೆಲ್ಮ್ಸ್‌ಹಾಫೆನ್ ಹೊರಗೆ ಒಲ್ಲೆ ಎಂದರು. ನವೆಂಬರ್ 3–4: ಕೀಲ್ ಬಂದರಿನಲ್ಲಿ ನಾವಿಕರ ದಂಗೆ. 7: ಮ್ಯೂನಿಕ್‌ನಲ್ಲಿ ಬವೇರಿಯಾದ ದೊರೆ ಓಡಿದ. 9: ಬರ್ಲಿನ್‌ನಲ್ಲಿ ಕ್ರಾಂತಿ. 11: ಕದನವಿರಾಮ.

ಈ ಸಾಲು ಯಾಕೆ ಬೇಕೆಂದರೆ, ಗೆಲ್ಲುತ್ತಿದ್ದ ಸೈನ್ಯಕ್ಕೆ ಒಳಗಿನವರು ಬೆನ್ನಿಗೆ ಚೂರಿ ಹಾಕಿದರು ಎಂಬ ಕಥೆಯನ್ನು ಯುದ್ಧದ ನಂತರ ಅದೇ ದಂಡನಾಯಕರು ಹಬ್ಬಿಸಿದರು, ನಾಜಿಗಳು ಬಳಸಿಕೊಂಡರು. ಕೀಲ್ ದಂಗೆಗೆ ಒಂದು ತಿಂಗಳು ಮೊದಲೇ ಕದನವಿರಾಮ ಬೇಡಿದ್ದು ಯಾರು ಎಂದು ತಾರೀಖೇ ಹೇಳುತ್ತದೆ. ‘ನವೆಂಬರ್ ಕ್ರಾಂತಿಯಿಂದಾಗಿ ಜರ್ಮನಿ ಸೋತಿತು’ ಎಂದು ಬರೆದರೆ ಅಂಕ ಹೋಗುವುದು ಬೇರೆ, ಆ ಪ್ರಚಾರಕ್ಕೆ ನೀವೂ ದನಿ ಸೇರಿಸಿದಂತಾಗುತ್ತದೆ.

ರೊಟ್ಟಿ: ಬ್ರಿಟಿಷ್ ದಿಗ್ಬಂಧನ, ಬಟಾಟೆ ಬೆಳೆ ಕೈಕೊಟ್ಟು ದನದ ಮೇವಿನ ಟರ್ನಿಪ್ ಗಡ್ಡೆ ತಿಂದು ಕಳೆದ 1916–17ರ ಚಳಿಗಾಲ. ಬಂದೂಕು: ನಾವಿಕರು. ದಂಡನಾಯಕ: ನವೆಂಬರ್ 9ರಂದು ಸೇನಾ ಕೇಂದ್ರವಿದ್ದ ಸ್ಪಾ ಊರಿನಲ್ಲಿ ಜನರಲ್ ಗ್ರೋನರ್, ಸೈನ್ಯ ತನ್ನ ಅಧಿಕಾರಿಗಳ ಕೆಳಗೆ ಶಿಸ್ತಿನಿಂದ ಮನೆಗೆ ಮರಳುತ್ತದೆ, ಕೈಸರನ ಕೆಳಗಲ್ಲ ಎಂದು ಮುಖಕ್ಕೆ ಹೇಳಿದ. ವಾರಸುದಾರನ ಖಾನೆ ಇಲ್ಲಿ ಸ್ವಾರಸ್ಯಕರ. ಸಮಾಜವಾದಿ ನಾಯಕ ಎಬರ್ಟ್ ಸಹ ಕೈಸರ್ ಸರಿದು ಬೇರೆ ರಾಜಕುಮಾರ ಆಡಳಿತ ನೋಡಿಕೊಂಡರೆ ಒಪ್ಪಲು ತಯಾರಿದ್ದ. ವಿಲ್ಹೆಲ್ಮ್ ಎಳೆದಾಡಿದ, ಚಕ್ರವರ್ತಿ ಪದವಿ ಬಿಟ್ಟು ಪ್ರಶ್ಯಾದ ದೊರೆಯಾಗಿ ಉಳಿಯಬಹುದೇ ಎಂದು ಲೆಕ್ಕ ಹಾಕಿದ. ಮ್ಯಾಕ್ಸ್ ಅವನ ಒಪ್ಪಿಗೆಗೆ ಕಾಯದೆ ಸಿಂಹಾಸನ ತ್ಯಾಗದ ಸುದ್ದಿ ಪ್ರಕಟಿಸಿದ, ಮಧ್ಯಾಹ್ನ ಎಬರ್ಟ್‌ನ ಪಕ್ಷದ ಶೈಡೆಮನ್ ಗಣರಾಜ್ಯ ಸಾರಿದ. ಕೈಸರ್ ನೆದರ್ಲೆಂಡ್ಸ್‌ಗೆ ಹೋದದ್ದು 10ಕ್ಕೆ, ಕಾಗದಕ್ಕೆ ಸಹಿ ಹಾಕಿದ್ದು 28ಕ್ಕೆ.

ಆಸ್ಟ್ರಿಯಾ-ಹಂಗೆರಿ ಮತ್ತು ಆಟೋಮನ್

ಇಲ್ಲಿ ಕ್ರಮ ತಿರುವುಮುರುವು: ದೊರೆ ಹೋಗುವ ಮುಂಚೆ ರಾಜ್ಯವೇ ಹರಿದುಹೋಯಿತು. ಅಕ್ಟೋಬರ್ 28ಕ್ಕೆ ಪ್ರಾಗ್, 29ಕ್ಕೆ ಝಾಗ್ರೆಬ್, 31ಕ್ಕೆ ಬುಡಾಪೆಸ್ಟ್ ಕೈತಪ್ಪಿದವು, ನವೆಂಬರ್ 3 ಇಟಲಿಯೊಂದಿಗೆ ಕದನವಿರಾಮ. ನವೆಂಬರ್ 11ರಂದು ಚಕ್ರವರ್ತಿ ಕಾರ್ಲ್ ರಾಜ್ಯಭಾರದಿಂದ ಹಿಂದೆ ಸರಿದ, ಗಾದಿ ತ್ಯಜಿಸಿದೆ ಎಂದು ಎಲ್ಲೂ ಬರೆದುಕೊಡಲಿಲ್ಲ. ಅದೇ ಬಲದ ಮೇಲೆ 1921ರಲ್ಲಿ ಎರಡು ಸಲ ಹಂಗೆರಿಗೆ ಬಂದು ಪ್ರಯತ್ನಿಸಿ ಸೋತ. ‘ಕಾರ್ಲ್ ಪದತ್ಯಾಗ ಮಾಡಿದ’ ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು.

ಆಟೋಮನ್ ಸಾಲು ಚಿಕ್ಕದು: 1918ರ ಅಕ್ಟೋಬರ್ 30 ಮುದ್ರೋಸ್ ಕದನವಿರಾಮ, 1922ರ ನವೆಂಬರ್ 1 ಸುಲ್ತಾನಗಿರಿ ರದ್ದು, 1924ರ ಮಾರ್ಚ್ 3 ಖಲೀಫಗಿರಿ ರದ್ದು. ನಾಲ್ಕು ವರ್ಷ ತಡವಾದದ್ದಕ್ಕೆ ಕಾರಣ, ಸುಲ್ತಾನನನ್ನು ಕೆಳಗಿಳಿಸಿದ್ದು ಬೀದಿಯಲ್ಲ, ಅಂಕಾರಾದಲ್ಲಿ ಬೇರೆಯೇ ಸೈನ್ಯ ಮತ್ತು ಸಭೆ ಕಟ್ಟಿಕೊಂಡ ಮುಸ್ತಫಾ ಕೆಮಾಲ್. ಭಾರತದ ಮೇಲಿನ ಪರಿಣಾಮ ಕೇಳಿದರೆ ಖಿಲಾಫತ್ ಚಳವಳಿ ಇಲ್ಲಿಂದ ಬರುತ್ತದೆ. ಖಿಲಾಫತ್-ಅಸಹಕಾರದ ದಿನಗಳಲ್ಲಿ, 1921ರ ಜುಲೈ 1ರಂದು, ಧಾರವಾಡದ ಜಕಣಿ ಬಾವಿಯ ಹತ್ತಿರ ಗೋಲಿಬಾರ್ ಆಗಿ ಸ್ವಯಂಸೇವಕರು ಸತ್ತರು. ಸ್ಥಳೀಯ ಉದಾಹರಣೆ ಕೊಡಲು ಅವಕಾಶವಿರುವ ಪ್ರಶ್ನೆಯಲ್ಲಿ ಒಂದು ಸಾಲು ಇದಕ್ಕೆ ಇಡಿ.

ಉಳಿದುಕೊಂಡವರು

ನಾಲ್ಕನೇ ಹಾಳೆ ಚಿಕ್ಕದು, ಅಂಕ ಇರುವುದು ಇದರಲ್ಲೇ. ಬಲ್ಗೇರಿಯಾ ಸೋತಿತು, ಸೈನ್ಯ ದಂಗೆ ಎದ್ದಿತು. 1918ರ ಅಕ್ಟೋಬರ್ 3ರಂದು ಫರ್ಡಿನಾಂಡ್ ಮಗ ಬೋರಿಸ್‌ಗೆ ಪಟ್ಟ ಬಿಟ್ಟ, ಮನೆತನ ಉಳಿಯಿತು. ವಾರಸುದಾರನ ಖಾನೆ ತುಂಬಿತ್ತು. ರೊಮೇನಿಯಾ 1916ರ ಡಿಸೆಂಬರ್‌ನಲ್ಲಿ ರಾಜಧಾನಿಯನ್ನೇ ಕಳೆದುಕೊಂಡಿತು. ದೊರೆ (ಇವನ ಹೆಸರೂ ಫರ್ಡಿನಾಂಡ್, ಗೊಂದಲ ಮಾಡಿಕೊಳ್ಳಬೇಡಿ) 1917ರ ವಸಂತದಲ್ಲಿ, ಪಕ್ಕದ ರಷ್ಯಾ ಉರಿಯುತ್ತಿದ್ದಾಗ, ರೈತ ಸೈನಿಕರಿಗೆ ಭೂಮಿ ಮತ್ತು ಮತದ ಹಕ್ಕಿನ ಭರವಸೆ ಕೊಟ್ಟ. ಸೈನ್ಯ ಕೈಬಿಡಲಿಲ್ಲ. ನಿಕೊಲಸ್ ಮಾಡದೇ ಬಿಟ್ಟದ್ದು ಏನು ಎಂದು ಬೇರೆ ವಿವರಿಸಬೇಕಿಲ್ಲ.

ಬರೆಯುವ ಹೊತ್ತು

ಜಿಎಸ್-1ರಲ್ಲಿ 180 ನಿಮಿಷಕ್ಕೆ 20 ಪ್ರಶ್ನೆ, 250 ಅಂಕ. 10 ಅಂಕದ 150 ಪದಕ್ಕೆ 7 ನಿಮಿಷ, 15 ಅಂಕದ 250 ಪದಕ್ಕೆ 11 ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ ಪದಗಳ ಎಣಿಕೆ ಕಡಿಮೆಯಾದರೂ ಒಂದೊಂದು ಪದ ಉದ್ದ, ಕೈ ನಿಧಾನ. ಹಾಗಾಗಿ ಪದ ಎಣಿಸುತ್ತ ಕೂಡದೆ ಗಡಿಯಾರ ನೋಡಿ ಬರೆಯಿರಿ.

ಅಭ್ಯಾಸಕ್ಕೆ ಈ ಪ್ರಶ್ನೆ ಇಟ್ಟುಕೊಳ್ಳಿ: ಯುದ್ಧದ ಸೋಲು ಯುರೋಪಿನ ರಾಜಪ್ರಭುತ್ವಗಳ ಪತನಕ್ಕೆ ಸಂದರ್ಭವಾಯಿತೇ ಹೊರತು ಸಾಕಷ್ಟು ಕಾರಣವಾಗಲಿಲ್ಲ, ಪರಿಶೀಲಿಸಿ. ಮೊದಲ ನಿಮಿಷ ಅಂಚಿನಲ್ಲಿ ನಾಲ್ಕು ಪದ ಗೀಚಿ. ಪೀಠಿಕೆ ಎರಡೇ ವಾಕ್ಯ, ಹೀಗೆ: ‘1905ರಲ್ಲಿ ಜಪಾನ್‌ಗೆ ಸೋತ ಎರಡನೇ ನಿಕೊಲಸ್ ಗಾದಿ ಉಳಿಸಿಕೊಂಡ, 1917ರಲ್ಲಿ ಸೈನ್ಯ ಇನ್ನೂ ರಂಗದಲ್ಲಿದ್ದಾಗಲೇ ಕಳೆದುಕೊಂಡ. ವ್ಯತ್ಯಾಸ ಇದ್ದದ್ದು ಸೋಲಿನ ಗಾತ್ರದಲ್ಲಲ್ಲ, ರಾಜಧಾನಿಯ ಕಾವಲುಪಡೆ ಮತ್ತು ದಂಡನಾಯಕರ ನಿಷ್ಠೆಯಲ್ಲಿ.’ ನಂತರ ರಷ್ಯಾಕ್ಕೆ ಮೂರು ವಾಕ್ಯ, ಜರ್ಮನಿಗೆ ಎರಡು, ಆಸ್ಟ್ರಿಯಾಕ್ಕೆ ಒಂದು. ಬಲ್ಗೇರಿಯಾ ಅಥವಾ ರೊಮೇನಿಯಾವನ್ನು ಕೊನೆಗೆ ತಳ್ಳಬೇಡಿ, ಸಮಯ ಮುಗಿದರೆ ಮೊದಲು ಬಿಟ್ಟುಹೋಗುವುದು ಅದೇ. ರಷ್ಯಾದ ಬೆನ್ನಿಗೇ ತನ್ನಿ.

ಎಡವುವ ಜಾಗಗಳು ಇನ್ನೂ ಕೆಲವು. ರಷ್ಯಾ ಯುದ್ಧದಿಂದ ಹೊರಬಂದ ಬ್ರೆಸ್ಟ್-ಲಿಟೊವ್‌ಸ್ಕ್ ಒಪ್ಪಂದ 1918ರ ಮಾರ್ಚ್ 3ರದ್ದು, ಝಾರ್ ಇಳಿದು ಹೆಚ್ಚುಕಡಿಮೆ ವರ್ಷದ ನಂತರ. ಅದನ್ನು ಅವನ ಪತನದ ಕಾರಣಗಳಲ್ಲಿ ಸೇರಿಸಬೇಡಿ. ಝಾರನನ್ನು ಇಳಿಸಿದ್ದು ಲೆನಿನ್ ಅಲ್ಲ, ಆಗ ಅವನು ಸ್ವಿಟ್ಜರ್ಲೆಂಡಿನಲ್ಲಿದ್ದ. ಅವನ ಪಕ್ಷದ ಬೋಲ್ಶೆವಿಕರು ನವೆಂಬರ್‌ನಲ್ಲಿ ಉರುಳಿಸಿದ್ದು ಝಾರ್ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರವನ್ನು. ಝಾರನ ಕುಟುಂಬದ ನಂಬಿಕೆ ಗಳಿಸಿದ್ದ ಸನ್ಯಾಸಿ ರಾಸ್‌ಪುಟಿನ್‌ಗೆ ಅರ್ಧ ವಾಕ್ಯಕ್ಕಿಂತ ಹೆಚ್ಚು ಕೊಡಬೇಡಿ. ಅವನ ಕಥೆ ಓದಲು ಮಜಾ, ಆದರೆ 1916ರ ಡಿಸೆಂಬರ್‌ನಲ್ಲೇ ಅವನ ಕೊಲೆಯಾಗಿತ್ತು, ವೊಲಿನ್‌ಸ್ಕಿ ಸೈನಿಕರು ತಿರುಗಿಬೀಳಲು ಅವನು ಕಾರಣನಲ್ಲ. ಅವನಿಗಿಂತ 1915ರಲ್ಲಿ ಝಾರ್ ತಾನೇ ಮಹಾದಂಡನಾಯಕನಾದದ್ದು ಮುಖ್ಯ: ಅಂದಿನಿಂದ ಪ್ರತಿ ಸೋಲೂ ಅವನ ಹೆಸರಿಗೇ ಜಮಾ ಆಯಿತು, ರಾಜಧಾನಿಯಲ್ಲಿ ಅವನ ಜಾಗ ಖಾಲಿಬಿತ್ತು.

ಹೆಸರುಗಳನ್ನು ಕನ್ನಡದಲ್ಲಿ ಒಂದೊಂದು ಪುಸ್ತಕ ಒಂದೊಂದು ಥರ ಬರೆಯುತ್ತದೆ. ಝಾರ್ ಅಥವಾ ತ್ಸಾರ್, ಯಾವುದಾದರೂ ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಬರೆಯಿರಿ. 1914ರಿಂದ ರಾಜಧಾನಿಯ ಹೆಸರು ಪೆಟ್ರೊಗ್ರಾಡ್. 1905ರ ಸಾಲಿನಲ್ಲಿ ಮಾತ್ರ ಸೇಂಟ್ ಪೀಟರ್ಸ್‌ಬರ್ಗ್.